ಕ್ಯಾರಿಯರ್ ಗಟ್ಟಿ ಇರಬೇಕು

ಐತ್ ಬುಜಮಾ, ದ್ರಾ ಕಣಿವೆ
ಶುಕ್ರವಾರ, 4 ಸೆಪ್ಟೆಂಬರ್ 1998

ಪ್ರೀತಿಯ ರಖಿಯಾಳ ಅಪ್ಪನಿಗೆ,

ನಿಮ್ಮ ಇಜ್ಜಾಳ ಸಲಾಮು. ಹೇಗಿದ್ದೀರಿ? ತಲೆ, ಎದೆ, ಬೆನ್ನು, ಕೈಕಾಲು ಎಲ್ಲ ಸರಿಯಾಗಿವೆಯೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀರಾ? ಫ್ರಾನ್ಸಿನಲ್ಲಿ ಈಗಲೇ ಚಳಿ ಶುರುವಾಗಿರಬೇಕು. ಅತ್ತೆ ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀರೋ, ಪೆಟ್ಟಿಗೆಯ ತಳದಲ್ಲಿ ಇಟ್ಟು ಮರೆತಿದ್ದೀರೋ? ಇಷ್ಟೆಲ್ಲ ಕೇಳಿದರೆ ನಿಮ್ಮಿಂದ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ: "ಲಾ ಬಾಸ್. ಏನೂ ತೊಂದರೆಯಿಲ್ಲ. ದೇವರ ದಯೆ." ಅಲ್ಲ ರೀ, ನಮ್ಮೂರಿನಲ್ಲಿ ಜ್ವರದಿಂದ ಮೈ ಸುಡುತ್ತಿರುವವರೂ ಲಾ ಬಾಸ್ ಅನ್ನುತ್ತಾರೆ, ಮನೆಯ ಗೋಡೆ ಬಿದ್ದವರೂ ಲಾ ಬಾಸ್ ಅನ್ನುತ್ತಾರೆ. ಬೀದಿಯಲ್ಲಿ ಸಿಕ್ಕವರಿಗೆ ಅದು ಸಾಕು. ಹೆಂಡತಿಗೂ ಅದೇ ಸಾಕೇ? ಎರಡು ಬೇಸಿಗೆಯಿಂದ ನೀವು ಊರಿಗೆ ಬಂದಿಲ್ಲ. ಯಾಕೆ ಅಂತ ಕೇಳಿದರೆ ಕೆಲಸ ಹೆಚ್ಚು ಅನ್ನುತ್ತೀರಿ. ನಿಮ್ಮ ಚಿಕ್ಕಪ್ಪನ ಮಗ ಅಬ್ದೆನ್ನಬಿ ಅದೇ ಕಾರ್ಖಾನೆಯಲ್ಲಿದ್ದುಕೊಂಡು ಎರಡು ಬೇಸಿಗೆಯೂ ಬಂದ. ಅವನಿಗಿಲ್ಲದ ಕೆಲಸ ನಿಮಗೊಬ್ಬರಿಗೇ ಎಲ್ಲಿಂದ ಬಂತು? ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿಗಿಂತ ಹೆಚ್ಚಾಗಿ ಭಯವಿದೆ. ಅದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ.

ಇಲ್ಲಿ ನಾವು ಮೂವರೂ ನಿಜವಾಗಿಯೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. (ಒಂದೊಂದು ಹಾಳೆ ಮುಗಿದ ಹಾಗೆ ರಖಿಯಾ ಅದನ್ನು ತೆಗೆದುಕೊಂಡು ಹೋಗಿ ಅಜ್ಜಿಗೆ ಓದಿ ಹೇಳುತ್ತಿದ್ದಾಳೆ. ಗೊತ್ತಿದ್ದೇ ಬರೆದಿದ್ದೇನೆ.) ರಖಿಯಾ ನನ್ನ ಹೆಗಲಿಗೆ ಬಂದಿದ್ದಾಳೆ. ನೀವು ಕೊನೆಯ ಸಲ ನೋಡಿದಾಗ ಎರಡು ಕೋರೆಹಲ್ಲು ಬಿದ್ದಿದ್ದ ಹುಡುಗಿ ಈಗ ನನ್ನ ಅಕ್ಷರದ ತಪ್ಪು ತಿದ್ದುತ್ತಾಳೆ. ಇವತ್ತು ಬರೆಯಲು ಕೂತರೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದ್ದೆದ್ದು ಅಂಗಳಕ್ಕೆ ಹೋಗುತ್ತೇನೆ, ಏನು ಮಾಡಲು ಬಂದೆ ಅಂತ ನನಗೇ ಮರೆತುಹೋಗುತ್ತದೆ. ಒಮ್ಮೆ ಸೈಕಲ್ಲಿನ ಟೈರು ಒತ್ತಿ ನೋಡಿದೆ, ಒಮ್ಮೆ ಸುಮ್ಮನಿದ್ದ ಕೋಳಿಗಳನ್ನು ಓಡಿಸಿ ಬಂದೆ. ಮೊನ್ನೆಯಿಂದ ಷೆರ್ಗಿ ಗಾಳಿ ಬೇರೆ. ಹಿಟ್ಟಿನಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು, ಈ ಹಾಳೆಯ ಮೇಲೂ ಧೂಳು. ಪೆನ್ನು ಕರಕರ ಅನ್ನುತ್ತಿದೆ. ಅಬ್ದೆನ್ನಬಿ ಕುಸ್ಕುಸ್ ಉಂಡು ಹೊರಡುತ್ತಾನೆ, ಸಂಜೆಯೊಳಗೆ ಬೆಟ್ಟ ದಾಟಬೇಕಂತೆ. ಅಷ್ಟರೊಳಗೆ ಈ ಪತ್ರ ಮುಗಿಯಬೇಕು.

ವಿಷಯಕ್ಕೆ ಬರುತ್ತೇನೆ. ನೀವು ಕಳಿಸಿದ ಸೈಕಲ್ಲು ಈಗ ಮನೆಯಲ್ಲಿಲ್ಲ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೊಳ್ಳಿ.

ಅದು ಬಂದ ದಿನ ನೀವಿಲ್ಲಿ ಇರಬೇಕಿತ್ತು. ಅಬ್ದೆನ್ನಬಿಯ ವ್ಯಾನಿನ ತಲೆಯ ಮೇಲೆ ಹಾಸಿಗೆ, ಕುರ್ಚಿ, ನೀಲಿ ಡ್ರಮ್ಮು, ಅವುಗಳೆಲ್ಲದರ ಮೇಲೆ ಕೆಂಪಗೆ ಹೊಳೆಯುತ್ತ ನಿಮ್ಮ ಸೈಕಲ್ಲು. ಬೆರಳಿನಷ್ಟು ತೆಳ್ಳಗಿನ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ನೀವು ಅದನ್ನು ಹಿಡಿದು ಕಾರ್ಖಾನೆಯ ಗೇಟಿನ ಮುಂದೆ ನಿಂತ ಫೋಟೊ ಇನ್ನೂ ನನ್ನ ಕನ್ನಡಿಯ ಸಂದಿಯಲ್ಲಿದೆ. "ಇದರ ಮೇಲೇ ಕೆಲಸಕ್ಕೆ ಹೋಗ್ತೀನಿ, ಗಾಳಿ ಹೊಡ್ಕೊಂಡು" ಅಂತ ಆಗ ಬರೆದಿದ್ದಿರಿ. ಈ ಸಲದ ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು: ನನಗಿಲ್ಲಿ ಬಸ್ಸು ಸಿಗುತ್ತೆ, ಇದು ರಖಿಯಾಳಿಗೆ ಇರಲಿ. ಊರಿನವರೆಲ್ಲ ಬಂದು ಮುಟ್ಟಿ ನೋಡಿದರು. ಅತ್ತೆ ಎಲ್ಲರ ಕೈಗೂ ಹೊಡೆದು, ಸೈಕಲ್ಲನ್ನು ಎತ್ತಿಸಿ, ಮೆತ್ತೆ ಹಾಸಿದ ಅತಿಥಿ ಕೋಣೆಯಲ್ಲಿ ಚಹಾ ಸಾಮಾನಿನ ಪೆಟ್ಟಿಗೆಯ ಪಕ್ಕ ನಿಲ್ಲಿಸಿದರು. ಹ್ಯಾಂಡಲ್ಲಿಗೆ ಗೋರಂಟಿ ಬಳಿದರು. ದೃಷ್ಟಿಯಾಗದ ಹಾಗೆ ನೀಲಿ ಕೈಯ ತಾಯತ ಕಟ್ಟಿದರು. ಅಷ್ಟಕ್ಕೇ ಬಿಡಲಿಲ್ಲ. ಮಗನ ಸೈಕಲ್ಲು ತುಕ್ಕು ಹಿಡಿಯಬಾರದು ಅಂತ ಈ ವರ್ಷದ ಮೊದಲ ಆಲಿವ್ ಎಣ್ಣೆ, ನಮಗೆ ರೊಟ್ಟಿಗೆ ಸವರಲು ಕೊಡದ ಎಣ್ಣೆ, ಅದರ ಚೈನಿಗೆ ಧಾರಾಳವಾಗಿ ಸುರಿದರು. ಬಂದವರೆಲ್ಲ ಅದರ ಎದುರು ಕೂತು ಚಹಾ ಕುಡಿದು, "ತೂದಮ್ಮಾ, ನಿನ್ನ ಮಗ ಸಿಂಹ" ಅಂತ ಹೇಳಿ ಹೋದರು. ರಖಿಯಾ ಮಾತ್ರ ಬಾಗಿಲಲ್ಲಿ ನಿಂತು ನೋಡಬೇಕು, ಒಳಗೆ ಕಾಲಿಡುವ ಹಾಗಿಲ್ಲ.

ರಖಿಯಾ ಪಾಸಾದ ಸುದ್ದಿ ಹಿಂದಿನ ಪತ್ರದಲ್ಲೇ ಬರೆದಿದ್ದೆ. ಮುಂದಿನ ಶಾಲೆ ತಿಸ್ಕಾದಲ್ಲಿ. ದಾರಿ ನಿಮಗೆ ನೆನಪಿರಬೇಕು: ಮೊದಲು ತೋಟದ ಗೋಡೆಗಳ ನಡುವಿನ ಹಿಟ್ಟಿನಂಥ ಧೂಳು, ಆಮೇಲೆ ಒಣಗಿದ ಹೊಳೆಯ ಉರುಟು ಕಲ್ಲು, ಆಮೇಲೆ ಮರಳು, ಆಮೇಲೆ ಜಾಲಿಮುಳ್ಳಿನ ಬಯಲು. ನಡೆದುಹೋದರೆ ಶಾಲೆಗೆ ಅರ್ಧ ಜೀವ, ಮನೆಗೆ ಅರ್ಧ ಜೀವ. ಶಾಲೆಯ ವಸತಿಯಲ್ಲಿ ಹುಡುಗಿಯರಿಗೆ ಜಾಗವಿಲ್ಲ. ನನ್ನ ಓದು ನಿಂತದ್ದು ಇದೇ ಮರಳಿನ ಈಚೆ ದಡದಲ್ಲಿ. ನನ್ನ ಮಗಳದ್ದೂ ಇಲ್ಲೇ ನಿಂತರೆ ನಾನು ಈ ಮನೆಯಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ ಅಂತ ಅತ್ತೆಗೆ ಹೇಳಿದ್ದೆ. ನಿಮ್ಮದೂ ಸೇರಿ. ಇನ್ನು ಹತ್ತು ದಿನದಲ್ಲಿ ಶಾಲೆ ಶುರು. ಸೈಕಲ್ಲೊಂದು ಅತಿಥಿ ಕೋಣೆಯಲ್ಲಿ ಗೋರಂಟಿ ಹಚ್ಚಿಕೊಂಡು ಮದುಮಗಳ ಹಾಗೆ ನಿಂತಿದೆ, ನನ್ನ ಮಗಳು ಚಪ್ಪಲಿ ಹೊಲಿಸಿಕೊಳ್ಳುತ್ತಿದ್ದಾಳೆ. ನನಗೆ ತಡೆಯಲಾಗಲಿಲ್ಲ.

ಹೋದ ವಾರ ಅತ್ತೆ ಪಕ್ಕದೂರಿಗೆ ಮದುವೆಗೆ ಹೋದರು. ಅವರ ಕತ್ತೆ ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ನಾವಿಬ್ಬರೂ ಸೈಕಲ್ಲನ್ನು ಹೊರಗೆ ತಂದಿದ್ದೆವು. ತೋಟದ ಗೋಡೆಯವರೆಗೆ ರಖಿಯಾ ಹಕ್ಕಿಯ ಹಾಗೆ ಹೋದಳು. ಮರಳು ಬಂದದ್ದೇ ಮುಂದಿನ ಚಕ್ರ ಚಾಕುವಿನ ಹಾಗೆ ಇಳಿದುಹೋಯಿತು, ಇವಳು ಹ್ಯಾಂಡಲ್ಲಿನ ಮೇಲಿಂದ ಆಚೆ ಬಿದ್ದಳು. ಎಬ್ಬಿಸಿ ಕೂರಿಸಿದೆ, ಮತ್ತೆ ಬಿದ್ದಳು. ಕೊನೆಗೆ ಇಬ್ಬರೂ ಅದನ್ನು ಹೊತ್ತುಕೊಂಡು ಮರಳು ದಾಟಿದೆವು. ದಾಟಿದ ಮೇಲೆ ಜಾಲಿಮುಳ್ಳು ಎರಡೂ ಟೈರನ್ನು ಮುಗಿಸಿತು. ಇನ್ನು ಚೈನು! ಅತ್ತೆಯ ಆಲಿವ್ ಎಣ್ಣೆ ದಾರಿಯ ಧೂಳನ್ನೆಲ್ಲ ಹಿಡಿದು, ಹಿಂದಿನ ಗೇರಿನ ಚಕ್ರಗಳ ಸಂದಿಯಲ್ಲಿ ಗಟ್ಟಿಯಾದ ಕಪ್ಪು ಹಿಟ್ಟು ಕಲಸಿಟ್ಟಿತ್ತು. ತುಳಿದರೆ ಬೀಸುಕಲ್ಲಿನ ಸದ್ದು. "ಅಮ್ಮಾ, ಇದನ್ನ ನಾನು ಓಡಿಸ್ತಿಲ್ಲ, ಇದೇ ನನ್ನ ಮೇಲೆ ಸವಾರಿ ಮಾಡ್ತಿದೆ" ಅಂದಳು ರಖಿಯಾ, ಮಂಡಿಯ ರಕ್ತ ಒರೆಸಿಕೊಳ್ಳುತ್ತ. ನಗು ಬಂತು. ಆಮೇಲೆ ಅಳುವೂ ಬಂತು. ನಿಮ್ಮದೇನೂ ತಪ್ಪಿಲ್ಲ. ಟಾರು ರಸ್ತೆಯ ಸೈಕಲ್ಲು ಟಾರಿಗೆ ಸರಿ. ನೀವು ಹದಿನೈದು ವರ್ಷದಿಂದ ಟಾರಿನ ಮೇಲಿದ್ದೀರಿ, ನಮ್ಮ ಮರಳು ಎಷ್ಟು ಆಳ ಅಂತ ಕಾಲಿಗೆ ಮರೆತಿರಬಹುದು.

ಮಾರಿ ಬೇರೆ ತೆಗೆದುಕೊಳ್ಳೋಣ ಅಂದಾಗ ಅತ್ತೆ ಮಾಡಿದ ರಂಪ ನಾನು ಬರೆಯುವುದಿಲ್ಲ, ಬರೆದರೆ ಇನ್ನೊಂದು ಪುಸ್ತಕ ಬೇಕು. "ನನ್ನ ಮಗ ಬೆವರು ಸುರಿಸಿ ಕಳಿಸಿದ್ದನ್ನ ಸಂತೇಲಿ ಮಾರ್ತೀಯಾ? ಮಾರು. ಮೊದಲು ನನ್ನ ಮೂಗು ಕುಯ್ದು ಅದರ ಹ್ಯಾಂಡಲ್ಲಿಗೆ ಕಟ್ಟು, ಆಮೇಲೆ ಮಾರು!" ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ತಾವೇ ಮಾಡಿಕೊಂಡು, ಸಕ್ಕರೆ ಹೆಚ್ಚಾಗಿ, ಮುಖ ಕಿವುಚಿಕೊಂಡು ಕುಡಿದರು. ಅವರ ಮನಸ್ಸು ತಿರುಗಿದ್ದು ನನ್ನ ಮಾತಿನಿಂದಲ್ಲ. ಅಬ್ದೆನ್ನಬಿಯ ತಾಯಿ ತಮ್ಮ ಅತಿಥಿ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನಿಲ್ಲಿಸಿದರು. ನಮ್ಮೂರಿಗೆ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ. ಆದರೂ ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಗುಲಾಬಿ ಇಟ್ಟು, ಊರಿನವರನ್ನೆಲ್ಲ ಚಹಾಕ್ಕೆ ಕರೆದರು. ಅತ್ತೆ ಹೋಗಿ ನೋಡಿಕೊಂಡು ಬಂದು, ನಮ್ಮ ಸೈಕಲ್ಲಿನ ಎದುರು ಕೂತು ಅದರ ಸೀಟಿನ ಧೂಳು ಒರೆಸಿದರು. ಆಮೇಲೆ, "ಕೋಣೇಲಿ ನಿಲ್ಸಿದ್ರೆ ಯಂತ್ರ ಯಂತ್ರ ಅಲ್ಲ, ಸೈಕಲ್ಲು ಸೈಕಲ್ಲಲ್ಲ. ಹುಡುಗಿ ಓಡಿಸೋದನ್ನ ಊರು ನೋಡಲಿ. ಆದರೆ ಸಂತೆಗೆ ನಾನೂ ಬರ್ತೀನಿ, ನೀನು ಮೋಸ ಹೋಗ್ತೀಯ" ಅಂದರು. (ಈ ಸಾಲು ಓದಿದಾಗ "ನಾನು ಹಾಗೆ ಅಂದೇ ಇಲ್ಲ" ಅಂತ ಆ ಕೋಣೆಯಿಂದ ಈಗಷ್ಟೇ ಕೂಗಿದರು. ಅಂದಿದ್ದಾರೆ.)

ಹೀಗಾಗಿ ಬುಧವಾರ ಮೂವರೂ ಜಾಗೋರಾ ಸಂತೆಗೆ ಹೋದೆವು. ಸೈಕಲ್ಲು ಮಾರುವ ಹಮ್ಮಾದಿ ನಿಮಗೆ ಗೊತ್ತಲ್ಲ, ಒಂದು ಕಣ್ಣು ಮುಚ್ಚಿ ಮಾತಾಡುವವನು. ಕೆಂಪು ಸೈಕಲ್ಲು ನೋಡಿದ ಕೂಡಲೇ ಅವನ ತೆರೆದ ಕಣ್ಣು ಹೊಳೆಯಿತು. ಆದರೆ ಬಾಯಲ್ಲಿ ಬರೀ ಕೊಂಕು. ರಿಮ್ಮು ಬಾಗಿದೆ, ಗೇರಿನಲ್ಲಿ ಮರುಭೂಮಿ ತುಂಬಿದೆ, ಎಣ್ಣೆ ನೋಡಿದರೆ ಸಲಾಡ್ ಮಾಡಬಹುದು. ಆಮೇಲೆ ಬಗ್ಗಿ ಪೆಡಲು ತಿರುಗಿಸಿ, "ನೋಡು ತಾಯಿ, ಬಲಗಡೆ ಪೆಡಲಿನ ಹಲ್ಲು ಸವೆದು ನುಣ್ಣಗಾಗಿದೆ, ಎಡಗಡೇದು ಅಂಗಡೀಲಿ ತಂದ ಹಾಗೇ ಇದೆ. ಇದನ್ನ ಕುಂಟ ಓಡಿಸಿದ್ದು. ಕುಂಟ ಓಡಿಸಿದ ಗಾಡಿ ಒಂದೇ ಕಡೆ ವಾಲುತ್ತೆ, ಬೆಲೆ ಬರಲ್ಲ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಗಂಡನ ಒಂದು ಕಾಲು ನಿನ್ನ ಕತ್ತೆಯ ನಾಲ್ಕು ಕಾಲಿಗೆ ಸಮ, ಬಾಯಿ ಮುಚ್ಚಿಕೊಂಡು ಬೆಲೆ ಹೇಳು" ಅಂತ ಸಂತೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ. ರಖಿಯಾ ನನ್ನ ಸೆರಗು ಎಳೆದಳು. ಬೆಲೆ ಕಡಿಮೆ ಮಾಡಲು ಇವರು ಏನು ಬೇಕಾದರೂ ಹೇಳುತ್ತಾರೆ. ಹಾಗಂತ ನನಗೆ ನಾನೇ ಹೇಳಿಕೊಂಡು ಬೇರೆ ಸೈಕಲ್ಲುಗಳ ಕಡೆ ತಿರುಗಿದೆ.

ಆರಿಸುವುದರಲ್ಲೇ ಮಧ್ಯಾಹ್ನವಾಯಿತು. ಹಮ್ಮಾದಿ ಮೊದಲು ತೋರಿಸಿದ್ದು ಗುಡ್ಡ ಹತ್ತುವ ಸೈಕಲ್ಲಂತೆ. ಟೈರು ದಪ್ಪ, ಚೆನ್ನಾಗಿತ್ತು. ಆದರೆ ಮುಂದೆ ಎರಡು ಸ್ಪ್ರಿಂಗು, ಸೀಟಿನ ಕೆಳಗೊಂದು ಸ್ಪ್ರಿಂಗು, ಹಿಂದೆ ಏಣಿಯ ಹಾಗೆ ಗೇರುಗಳು. ಒತ್ತಿ ನೋಡಿದರೆ ಈಗಲೇ ಒಳಗೆ ಮರಳು ಕರಕರ ಅನ್ನುತ್ತಿತ್ತು. ಸಂದಿ ಹೆಚ್ಚಿದ್ದಷ್ಟೂ ಧೂಳಿಗೆ ಮನೆ ಹೆಚ್ಚು ಅಂತ ಆ ಕೆಂಪು ಸೈಕಲ್ಲು ನನಗೆ ಕಲಿಸಿತ್ತು. ಎರಡನೆಯದು ಚಿಕ್ಕ ಚಕ್ರದ್ದು, ಮಡಚುವಂಥದ್ದು. ರಖಿಯಾಳಿಗೆ ಬಣ್ಣ ಹಿಡಿಸಿತು. "ಈ ಚಕ್ರ ಮರಳಲ್ಲಿ ಹೂತುಹೋದ್ರೆ ಹುಡುಕೋಕೆ ಗುದ್ದಲಿ ಬೇಕು" ಅಂದರು ಅತ್ತೆ, ಮೊದಲ ಸಲ ಸರಿಯಾದ ಮಾತು. ಕೊನೆಗೆ ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒರಗಿಸಿದ್ದ ಕಪ್ಪು ಸೈಕಲ್ಲೊಂದು ಕಂಡಿತು. ಹಳೆಯದು, ಎಮ್ಮೆಯಂಥದ್ದು. ಅಗಲ ಟೈರು. ಗೇರೇ ಇಲ್ಲ. ಚೈನಿನ ಸುತ್ತ ಪೂರ್ತಿ ತಗಡಿನ ಡಬ್ಬಿ, ಧೂಳೂ ಹೋಗುವುದಿಲ್ಲ, ರಖಿಯಾಳ ಉದ್ದಂಗಿಯೂ ಸಿಕ್ಕಿಕೊಳ್ಳುವುದಿಲ್ಲ. ಬ್ರೇಕಿಗೆ ರಬ್ಬರಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ, ಆದ್ದರಿಂದ ಮರಳು ಸೇರಿ ರಿಮ್ಮು ಕೆರೆಯುವ ಮಾತಿಲ್ಲ. ನಡುವಿನ ಕಂಬಿ ಕೆಳಗೆ ಬಾಗಿದೆ, ಕಾಲೆತ್ತಿ ಹಾರಿಸಬೇಕಿಲ್ಲ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ನನ್ನ ಎರಡು ಬೆರಳು ಹೋಗುವಷ್ಟು ಜಾಗ, ಕೆಸರು ಒಣಗಿದರೂ ಕಚ್ಚಿಕೊಳ್ಳುವುದಿಲ್ಲ. "ಇದು ಮುದುಕಿ" ಅಂದ ಹಮ್ಮಾದಿ. "ಮುದುಕಿಯರೇ ಮರಳು ದಾಟೋದು" ಅಂದೆ. ಅತ್ತೆ ಖುಷಿಯಾಗಿ ನನ್ನ ಕಡೆ ನೋಡಿದರು.

ಆದರೆ ಅದರ ಕ್ಯಾರಿಯರ್ ಸಣಕಲು. ತಂತಿಯಂಥದ್ದು, ಪುಸ್ತಕದ ಚೀಲಕ್ಕೆ ಸಾಕು. ನನಗೆ ಸಾಲದು ಅಂದೆ. ಗಟ್ಟಿ ಕ್ಯಾರಿಯರ್ ಹಾಕಿಕೊಡು, ಕೆಳಗಿಂದ ಎರಡೂ ಕಡೆ ದಪ್ಪ ಸರಳು ಕೊಟ್ಟು, ಆ್ಯಕ್ಸಲ್ಲಿಗೇ ಬಿಗಿಯಬೇಕು ಅಂದೆ. "ಅಕ್ಕಾ, ಮಗಳನ್ನ ಶಾಲೆಗೆ ಕಳಿಸ್ತೀಯೋ, ಒಂಟೆ ಸಾಗಿಸ್ತೀಯೋ?" ಅಂದ. ಕ್ಯಾರಿಯರ್ ಗಟ್ಟಿ ಇರಬೇಕು, ಇಲ್ಲದಿದ್ದರೆ ಬೇಡ ಅಂತ ಹಟ ಹಿಡಿದೆ. ಗೊಣಗುತ್ತ ಮೊಪೆಡ್ಡಿನ ಹಳೆಯ ಕ್ಯಾರಿಯರೊಂದನ್ನು ತಂದು ಕೂರಿಸಿದ. ಅದು ತಡೆಯುತ್ತದೋ ಇಲ್ಲವೋ ಅಂತ ನೋಡಲು ಅತ್ತೆಯನ್ನೇ ಕೂರಿಸಿದೆ. ಅವರ ಭಾರ ನಿಮಗೆ ಗೊತ್ತು. "ಏ ಹುಡುಗಿ, ಬೇಡ ಕಣೇ, ಮರ್ಯಾದಸ್ಥರ ಮನೆ ಹೆಂಗಸು ನಾನು, ಬಿದ್ರೆ ಸಂತೆಯೆಲ್ಲ ನಗುತ್ತೆ" ಅನ್ನುತ್ತಲೇ ಕೂತರು. ಹಮ್ಮಾದಿ ಒಂದು ಕಡೆ ಹಿಡಿದ, ನಾನೊಂದು ಕಡೆ, ರಖಿಯಾ ಹ್ಯಾಂಡಲ್ಲು. ಕುಂಬಾರರ ಸಾಲಿನಿಂದ ಖರ್ಜೂರದ ಸಾಲಿನವರೆಗೆ ಅವರನ್ನು ತಳ್ಳಿಕೊಂಡು ಹೋಗಿ ಬಂದೆವು. ಸರಳು ಕಿಂಚಿತ್ತೂ ಬಾಗಲಿಲ್ಲ. ಹೋಗುವಾಗ ಕಿರುಚಿದ ಅತ್ತೆ ಬರುವಾಗ ಗೊತ್ತಿದ್ದವರಿಗೆಲ್ಲ ಕೈ ಎತ್ತಿ ಸಲಾಮು ಹೇಳುತ್ತಿದ್ದರು. ಇಳಿಸಲು ಮಾತ್ರ ಮೂರು ಜನ ಬೇಕಾಯಿತು.

ಕೆಂಪು ಕೊಟ್ಟು ಕಪ್ಪು ತೆಗೆದುಕೊಂಡೆವು. ಮೇಲೆ ಪಂಪು, ಎರಡು ದಪ್ಪ ಟ್ಯೂಬು, ಪಂಕ್ಚರ್ ಹಾಕುವ ಸಾಮಾನು ಎಲ್ಲ ಅತ್ತೆಯೇ ಕಿತ್ತುಕೊಂಡರು. ಹಮ್ಮಾದಿ ಕೆಂಪು ಸೈಕಲ್ಲನ್ನು ಒಳಗೆ ತಳ್ಳುವಾಗ ನಾನು ತಡೆದೆ. ಪೆಡಲು ಎರಡನ್ನೂ ಬಿಚ್ಚಿಕೊಡು ಅಂದೆ. "ಪೆಡಲಿಲ್ಲದೆ ನಾನೇನು ಮಾಡ್ಲಿ ಇದನ್ನ?" ಅಂದ. ನಿನ್ನ ಹತ್ತಿರ ಪೆಡಲಿನ ರಾಶಿಯೇ ಇದೆ, ನೀನೇ ತಾನೇ ಇವಕ್ಕೆ ಬೆಲೆ ಇಲ್ಲ ಅಂದದ್ದು ಅಂದೆ. ಬಲಗಡೆಯದು ಸುಲಭವಾಗಿ ಬಂತು. ಎಡಗಡೆಯದನ್ನು ತಿರುವುಮುರುವಾಗಿ ಬಿಚ್ಚಬೇಕಂತೆ, ಬಹಳ ಹೊತ್ತು ಹೆಣಗಿದ. ಮಗನ ಸೈಕಲ್ಲಿನ ನೆನಪಿಗೆ ಅತಿಥಿ ಕೋಣೆಯಲ್ಲಿ ಇಡೋಣ ಅಂತ ಅತ್ತೆಗೆ ಹೇಳಿದೆ. ಅವರೇ ಅವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಈಗ ಎರಡೂ ಚಹಾ ಸಾಮಾನಿನ ಪೆಟ್ಟಿಗೆಯ ಮೇಲಿವೆ.

ನಿನ್ನೆ ರಖಿಯಾ ಒಬ್ಬಳೇ ತಿಸ್ಕಾಕ್ಕೆ ಹೋಗಿ ಬಂದಳು. ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟು ಕಳಿಸಿದೆ, ಮರಳಿನ ಮೇಲೆ ಒಂಟೆಯ ಪಾದದ ಹಾಗೆ ಅಗಲವಾಗಲಿ ಅಂತ. ಚೈನಿಗೆ ಎಣ್ಣೆ ಬರೀ ತೋರಿಕೆಗೆ, ಹಾಕಿ ಬಟ್ಟೆಯಿಂದ ಒರೆಸಿದೆ. ಎಣ್ಣೆಯ ಗಡಿಗೆಯನ್ನು ಅಟ್ಟದ ಮೇಲಿಟ್ಟು ಏಣಿ ತೆಗೆದಿದ್ದೇನೆ. ಅವಳು ಬರುವವರೆಗೆ ನಾನೂ ಅತ್ತೆಯೂ ಮಾಳಿಗೆಯ ಮೇಲೆ ನಿಂತು ಒಬ್ಬರನ್ನೊಬ್ಬರು ಬೈದುಕೊಂಡೆವು. ಆಮೇಲೆ ಜಾಲಿ ಬಯಲಿನ ಆಚೆ ಧೂಳೆದ್ದಿತು. ಬಂದಾಗ ರೆಪ್ಪೆ, ಹುಬ್ಬು ಎಲ್ಲ ಬೆಳ್ಳಗಾಗಿ ನಿಮ್ಮ ಅಜ್ಜಿಯ ಹಾಗೆ ಕಾಣುತ್ತಿದ್ದಳು. "ಅಮ್ಮಾ, ಬಯಲಲ್ಲಿ ಹಿಂದಿನಿಂದ ಗಾಳಿ, ನಾನು ತುಳೀಲೇ ಇಲ್ಲ!" ಅಂತ ಕುಣಿದಳು. ಮರಳಿನಲ್ಲಿ ಎರಡು ಕಡೆ ಇಳಿದು ತಳ್ಳಬೇಕಾಯಿತಂತೆ, ಪರವಾಗಿಲ್ಲ. ಶಾಲೆಗೆ ಹೋಗುತ್ತಾಳೆ. ನಿಮ್ಮ ಮಗಳು ಓದುತ್ತಾಳೆ, ನಿಮ್ಮ ಸೈಕಲ್ಲೇ ಬಣ್ಣ ಬದಲಾಯಿಸಿ ಅವಳನ್ನು ಕರೆದುಕೊಂಡು ಹೋಗುತ್ತದೆ ಅಂದುಕೊಳ್ಳಿ. ಇನ್ನೊಂದು ಗುಟ್ಟು, ಈಗ ಗುಟ್ಟೇನೂ ಅಲ್ಲ: ನಾನೂ ಕಲಿಯುತ್ತಿದ್ದೇನೆ. ಒಣಗಿದ ಹೊಳೆಯಲ್ಲಿ ರಖಿಯಾ ಹಿಡಿದುಕೊಳ್ಳುತ್ತಾಳೆ, ನಾನು ತುಳಿಯುತ್ತೇನೆ. ಹತ್ತಲು ಇನ್ನೂ ದಿಬ್ಬ ಬೇಕು, ಇಳಿಯಲು ಬೀಳಬೇಕು. ನಡುವಿನದೆಲ್ಲ ಬರುತ್ತದೆ. ಈ ವಯಸ್ಸಿನಲ್ಲಿ ಯಾಕೆ ಅಂತ ಊರಿನ ಹೆಂಗಸರು ಕೇಳುತ್ತಾರೆ. ಸುಮ್ಮನೆ ಕೂರಲಾಗುವುದಿಲ್ಲ, ಅದಕ್ಕೇ ಅನ್ನುತ್ತೇನೆ.

ಅತ್ತೆ ನಿಮ್ಮ ತಲೆ ಸವರಿದ್ದಾರೆ, ನೀವು ಮುಟ್ಟಿದ್ದೆಲ್ಲ ಹಸಿರಾಗಲಿ ಅಂತ ಹರಸಿದ್ದಾರೆ, ಬಟ್ಟೆ ಒಗೆಯುವ ಯಂತ್ರ ಮಾತ್ರ ಕಳಿಸಬೇಡ ಅಂದಿದ್ದಾರೆ. ರಖಿಯಾ ನಿಮ್ಮ ಎರಡೂ ಕೈಗೆ ಮುತ್ತು ಕೊಟ್ಟಿದ್ದಾಳೆ. ಅಬ್ದೆನ್ನಬಿಯ ಕೈಯಲ್ಲಿ ಹೊಸ ಖರ್ಜೂರ, ಹುರಿದ ಬಾದಾಮಿ, ಒಂದು ಜೊತೆ ಕಾಲುಚೀಲ ಕಳಿಸಿದ್ದೇನೆ. ದಾರಿಯಲ್ಲಿ ಅವನೇ ತಿಂದುಬಿಟ್ಟರೆ ನನಗೆ ಬರೆಯಿರಿ. ಮೈ ಕಡೆ ನೋಡಿಕೊಳ್ಳಿ. ದೇವರು ನಿಮ್ಮ ದಾರಿಯನ್ನು ಹತ್ತಿರ ಮಾಡಲಿ.

ನಿಮ್ಮ ಮನೆಯವಳು,
ಇಜ್ಜಾ

ಮ. ವಿ.: ಮೇಲಿನದೆಲ್ಲ ರಖಿಯಾ ಓದಿಯಾಯಿತು, ಅತ್ತೆ ಕೇಳಿಯಾಯಿತು. ಲಕೋಟೆಗೆ ಅಂಟು ಹಚ್ಚುತ್ತೇನೆ ಅಂತ ಹಾಳೆಗಳನ್ನು ಅಡುಗೆಮನೆಗೆ ತಂದಿದ್ದೇನೆ. ಹೊರಗೆ ಅಬ್ದೆನ್ನಬಿ ಹಾರ್ನ್ ಹೊಡೆಯುತ್ತಿದ್ದಾನೆ. ಇದು ನಿಮಗೊಬ್ಬರಿಗೇ. ಹಮ್ಮಾದಿ ಸುಳ್ಳು ಹೇಳಿರಲಿಲ್ಲ. ಪೆಡಲುಗಳನ್ನು ಒರೆಸಿ ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಡೆಯದು ನುಣ್ಣಗೆ, ಎಡಗಡೆಯದರ ಹಲ್ಲು ಅಂಗೈಗೆ ಇನ್ನೂ ಚುಚ್ಚುತ್ತದೆ. ಒಂದು ಮುರಿದು ಹೊಸದು ಹಾಕಿಸಿರಬೇಕು ಅಂತ ಎಷ್ಟೋ ಸಲ ಅಂದುಕೊಂಡೆ, ಆದರೆ ಎರಡೂ ಒಂದೇ ಜೋಡಿ, ಎರಡಕ್ಕೂ ಒಂದೇ ತುಕ್ಕು. ಎಷ್ಟು ಕಾಲ ಒಂದೇ ಕಾಲಿನಲ್ಲಿ ತುಳಿದಿರಿ? ಕೊನೆಗೆ ಅದೂ ಆಗದೆ ತಾನೇ ಸೈಕಲ್ಲನ್ನು ಇಲ್ಲಿಗೆ ಕಳಿಸಿದ್ದು? ಬೆಳಿಗ್ಗೆ ಅಬ್ದೆನ್ನಬಿಯನ್ನು ಕೇಳಿದೆ. ಚಹಾದ ಲೋಟದೊಳಗೆ ನೋಡುತ್ತ, "ಅತ್ತಿಗೆ, ಅದನ್ನ ಅವನನ್ನೇ ಕೇಳು" ಅಂದ. ಕಾಲು ಸರಿಯಿರುವವನ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ. ಬಸ್ಸಿನಿಂದಿಳಿದು ಕುಂಟುತ್ತ ಬರುವುದನ್ನು ಊರು ನೋಡುತ್ತದೆ ಅಂತ ಎರಡು ಬೇಸಿಗೆ ನಮ್ಮನ್ನು ಕಾಯಿಸಿದಿರಾ? ನೋಡಲಿ ಬಿಡಿ. ನೀವು ಇಲ್ಲದಿರುವುದನ್ನು ನಾನು ದಿನಾ ನೋಡುತ್ತಿದ್ದೇನೆ. ಆ ಕ್ಯಾರಿಯರ್ ನಿಮಗಾಗಿ ಹಾಕಿಸಿದ್ದು. ಟಾರು ರಸ್ತೆಯಿಂದ ಮನೆಯವರೆಗೆ ಮರಳಿನಲ್ಲಿ ನೀವು ನಡೆಯಬೇಕಿಲ್ಲ, ಅದಕ್ಕೇ ನಾನು ಬಿದ್ದು ಎದ್ದು ಕಲಿಯುತ್ತಿರುವುದು. ಅತ್ತೆಗೂ ಗೊತ್ತು ಅಂತ ಕಾಣುತ್ತದೆ. ಸಂತೆಯಲ್ಲಿ ಇಳಿದ ಮೇಲೆ ಕ್ಯಾರಿಯರ್ ತಟ್ಟಿ ನೋಡಿ, "ನನ್ನನ್ನ ಹೊತ್ತಿದೆ, ಅವನು ನನಗಿಂತ ಹಗುರ" ಅಂತ ಮೆಲ್ಲಗೆ ಅಂದರು. ನಾನು ಕೇಳಿಸದವಳ ಹಾಗೆ ಇದ್ದೆ. ಯಾವ ಕಾಲು ಅಂತ ಬರೆಯಬೇಡಿ, ಎಡಗಾಲು ಅಂತ ಗೊತ್ತಾಗಿದೆ. ಯಾವ ದಿನ, ಯಾವ ಬಸ್ಸು ಅಂತ ಬರೆಯಿರಿ.